ಟವೆಲ್ಲಿನ ತುದಿ

ನಮ್ಮೂರಿನ ನೂಲಿನ ಮಿಲ್ಲಿನ ಕೂಗು ಮಸ್ಟರಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹೆಸರಿದ್ದವರಿಗೆ ಮಾತ್ರ ಕೇಳಿಸುತ್ತಿತ್ತು. ಹೆಸರಿದ್ದವನು ಯಾವ ಊರಿಗೆ ಹೋಗಿದ್ದರೂ ಕೇಳಿಸುತ್ತಿತ್ತು. ಹೆಸರಿಲ್ಲದವನು ಚಿಮಣಿಯ ಬುಡದಲ್ಲೇ ನಿಂತಿದ್ದರೂ ಅವನ ಪಾಲಿಗೆ ಅದು ಇಲ್ಲ. ದಿನಕ್ಕೆ ಮೂರು ಸಲ, ಪಾಳಿ ಬದಲಾಗುವಾಗ, ಒಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಕೂಗುತ್ತಿತ್ತು. ಅದಕ್ಕೂ ಗಡಿಯಾರಕ್ಕೂ ಎಣ್ಣೆ ಸೀಗೆಕಾಯಿ. ಆರೂವರೆಯ ಕೂಗು ಆರೂಕಾಲಿಗೂ ಆಗಬಹುದು, ಏಳಕ್ಕೆ ಐದು ನಿಮಿಷ ಇರುವಾಗಲೂ ಆಗಬಹುದು. ಅದು ಕೂಗಿದಾಗ ಪಾಳಿ ಶುರು, ಅಷ್ಟೆ. ಕೇಳಿದವರು ಅದು ಮುಗಿಯುವವರೆಗೆ ಮಾತು ನಿಲ್ಲಿಸುತ್ತಿದ್ದರು, ಕೈ ನಿಲ್ಲಿಸುತ್ತಿದ್ದರು. ಹೆದರಿಕೆಯಿಂದಲ್ಲ, ಭಕ್ತಿಯಿಂದಲೂ ಅಲ್ಲ. ಸೀನು ಬಂದಾಗ ಕಣ್ಣು ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ.

ಊರು ಇದಕ್ಕೆ ಒಗ್ಗಿಕೊಂಡಿತ್ತು. ಮಿಲ್ಲಿನ ಗಿರಾಕಿ ತಟ್ಟನೆ ಸುಮ್ಮನಾದರೆ ಕ್ಷೌರದವನು ಕತ್ತಿ ಎತ್ತಿ ಹಿಡಿದು ಕಾಯುತ್ತಿದ್ದ. ಮದುವೆಯಲ್ಲಿ ಮದುಮಗನ ಕೈ ತಾಳಿ ಹಿಡಿದುಕೊಂಡೇ ಗಾಳಿಯಲ್ಲಿ ನಿಂತುಬಿಟ್ಟರೆ ಪುರೋಹಿತರು ವಾಲಗದವರಿಗೆ ಸನ್ನೆ ಮಾಡಿ, 'ಇದನ್ನೂ ಸೇರಿಸಿಯೇ ಮುಹೂರ್ತ ನೋಡಿದೀನಿ, ಗಾಬರಿ ಬೇಡ' ಎನ್ನುತ್ತಿದ್ದರು. ಕಾರ್ಮಿಕರ ಮನೆಗಳ ಸಾಲಾದ ಮಿಲ್ ಲೈನಿನ ಮಕ್ಕಳಂತೂ, ಬೈಯುತ್ತಿದ್ದ ಅಪ್ಪ ಅರ್ಧ ಮಾತಿಗೇ ನಿಂತನೆಂದರೆ ಓಡಿಹೋಗುವುದಕ್ಕೆ ಅದೇ ಸಮಯವೆಂದು ನಡೆಯಲು ಕಲಿತಾಗಲೇ ಕಲಿತಿರುತ್ತಿದ್ದವು.

ನಿವೃತ್ತಿಯಾದವನಿಗೆ ಒಂದು ಪದ್ಧತಿ ಇತ್ತು. ಹಾರ ಹಾಕಿ ಮನೆ ಮುಟ್ಟಿಸಿದ ಮಾರನೆಯ ಬೆಳಗ್ಗೆ ಅವನಿಗೆ ಏನೂ ಕೇಳಿಸುವುದಿಲ್ಲ. ಮೂವತ್ತು ವರ್ಷ ಎಬ್ಬಿಸಿದ ಸದ್ದು ಹಾಗೆ ಒಂದೇ ದಿನಕ್ಕೆ ಇಲ್ಲವಾದರೆ ಮನುಷ್ಯ ತಡೆದುಕೊಳ್ಳುವುದು ಕಷ್ಟ. ಅದಕ್ಕೇ ಪಕ್ಕದ ಮನೆಯವನು ಕೂಗಾದ ಕೂಡಲೇ ಹೋಗಿ ಅವನ ಬಾಗಿಲು ತಟ್ಟಿ 'ಆತು' ಎನ್ನುತ್ತಿದ್ದ. ಒಳಗಿದ್ದವನು 'ಬಂದೆ' ಎನ್ನುತ್ತಿದ್ದ. ಬರುತ್ತಿರಲಿಲ್ಲ, ಹೋಗುವುದಕ್ಕೆ ಜಾಗವೂ ಇರುತ್ತಿರಲಿಲ್ಲ. ಹೀಗೆ ಹನ್ನೊಂದು ದಿನ. ಅಷ್ಟರೊಳಗೆ ಅವನು ಸದ್ದಿಲ್ಲದ ಬೆಳಗಿಗೆ ಒಗ್ಗಿರುತ್ತಾನೆಂದು ನಂಬಿಕೆ. ಆ ಹನ್ನೊಂದು ದಿನ ಸಿಕ್ಕದೇ ಹೋದ ಒಬ್ಬನ ವಿಷಯ ಹೇಳಬೇಕೆಂದೇ ನಾನು ಇಷ್ಟೆಲ್ಲ ಹೇಳಿದ್ದು.

ನನ್ನ ಹೆಸರು ದಾದಾಪೀರ್. ಲೈನಿನಲ್ಲಿ ಎಲ್ಲರಿಗೂ ಪೀರು. ಮೊದಲು ನಾನು ಮಿಲ್ಲಿನಲ್ಲಿ ಬದಲಿಯಾಗಿದ್ದೆ. ಕಾಯಂ ಆದವನು ಬರದ ದಿನ ಅವನ ಜಾಗಕ್ಕೆ ನಿಲ್ಲುವವನು ಬದಲಿ. ಕಾಯಂ ಆದವರ ಹೆಸರನ್ನು ಮಸ್ಟರಿನಲ್ಲಿ ಶಾಯಿಯಲ್ಲಿ ಬರೆಯುತ್ತಿದ್ದರು, ನಮ್ಮದನ್ನು ಪೆನ್ಸಿಲಿನಲ್ಲಿ. ಬರೆದ ದಿನ ನಮಗೆ ಕೂಗು ಕೇಳಿಸುತ್ತಿತ್ತು, ಅಳಿಸಿದ ದಿನ ಇಲ್ಲ. ಬೆಳಗ್ಗೆ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿರುವುದು, ಇವತ್ತು ಕೇಳಿಸುತ್ತದೋ ಇಲ್ಲವೋ ಎಂದು ಕಾಯುವುದು. ಪಕ್ಕದ ಮನೆಯವರು ಬುತ್ತಿ ಹಿಡಿದು ಹೊರಟ ಸದ್ದಾದರೆ ಗೊತ್ತಾಗುತ್ತಿತ್ತು, ಕೂಗು ಆಗಿದೆ, ನನ್ನನ್ನು ಬಿಟ್ಟು ಆಗಿದೆ ಎಂದು. ಏಳು ವರ್ಷ ಹೀಗೆ ಬದುಕಿದೆ. ಅಂಥ ಬೆಳಗಿನಷ್ಟು ಒಂಟಿಯಾದದ್ದು ಬೇರೇನೂ ಇಲ್ಲವೆಂದು ಆಗ ಅಂದುಕೊಂಡಿದ್ದೆ. ತಿಳಿವಳಿಕೆ ಕಮ್ಮಿ ಇತ್ತು.

ನಮ್ಮನ್ನು ಶಾಯಿಗೆ ಏರಿಸಿದವನು ಓಂಕಾರಪ್ಪ. ರಿಂಗ್ ಫ್ರೇಮ್ ಖಾತೆಯಲ್ಲಿ ಕಡಿದ ಎಳೆ ಜೋಡಿಸುವ ಕೆಲಸ ಅವನದು, ಜೊತೆಗೆ ಯೂನಿಯನ್ನಿನ ಕಾರ್ಯದರ್ಶಿ. ಎತ್ತರದ ಆಳು, ಮಾತಿನಲ್ಲಿ ಗಡಸು, ಹೆಗಲ ಮೇಲೆ ಯಾವಾಗಲೂ ನಮ್ಮ ಮಿಲ್ಲಿನ ನೂಲಿನದೇ ಒಂದು ಉದ್ದನೆಯ ಬಿಳಿ ಟವೆಲ್. 'ಪೆನ್ಸಿಲ್ ಬೇಡ, ಶಾಯಿ ಬೇಕು' ಎಂದು ಅವನು ನಲವತ್ತೊಂದು ದಿನ ಮುಷ್ಕರ ಮಾಡಿಸಿದ. ಕಾಯಂ ಆದವರು ನಮಗಾಗಿ ಯಾಕೆ ಉಪವಾಸ ಬೀಳಬೇಕೆಂದು ಕೇಳಿದವರಿಗೆ ಅವನು ಹೇಳಿದ್ದು ಇಷ್ಟೇ: "ಒಂದಿನ ಕೂಗು ಕೇಳಿಸ್ದೇ ಇದ್ರೆ ಹೆಂಗಿರತೈತಿ ಅಂತ ಕಣ್ಣು ಮುಚ್ಚಿ ಕುಂತು ಯೋಚ್ನೆ ಮಾಡ್ರಿ. ಆಮೇಲೆ ಬಂದು ಮಾತಾಡ್ರಿ." ಯಾರೂ ಬಂದು ಮಾತಾಡಲಿಲ್ಲ. ನಲವತ್ತೆರಡನೆಯ ದಿನ ಮ್ಯಾನೇಜರು ಮುಖ ಗಂಟುಹಾಕಿಕೊಂಡು ನೂರ ನಲವತ್ತು ಬದಲಿಗಳ ಹೆಸರನ್ನು ಶಾಯಿಯಲ್ಲಿ ಬರೆದ. ಮರುದಿನ ಬೆಳಗ್ಗೆ ಕೂಗು ಕೇಳಿಸಿತು, ಅದರ ಮರುದಿನವೂ ಕೇಳಿಸಿತು, ಎಂಟನೆಯ ದಿನವೂ ಕೇಳಿಸಿದಾಗ ನಾನು ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ. ಆ ದಿನದಿಂದ ಓಂಕಾರಣ್ಣ ಎಲ್ಲಿ ಹೋದರೆ ಅಲ್ಲಿ ನಾನು.

ಮರುವರ್ಷ ಅವನನ್ನು ಎಲೆಕ್ಷನ್ನಿಗೆ ನಿಲ್ಲಿಸಿದೆವು. ಎದುರಿಗಿದ್ದವನು ಎಣ್ಣೆ ಗಾಣದ ಸಾಹುಕಾರ, ಮೂರು ಜೀಪು ಇಟ್ಟುಕೊಂಡವನು. ನಮ್ಮದು ಎರಡು ಸೈಕಲ್ಲು ಮತ್ತು ಮಿಲ್ ಲೈನಿನ ಹೆಂಗಸರ ಬಾಯಿ. ಓಂಕಾರಣ್ಣ ಗೆದ್ದ. ಆದರೆ ಮಿಲ್ಲಿನ ನಿಯಮವೊಂದಿತ್ತು: ಶಾಸಕನಾದವನು ಮಸ್ಟರಿನಲ್ಲಿ ಇರುವಂತಿಲ್ಲ. ಅವನು ರಾಜೀನಾಮೆ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಮ್ಯಾನೇಜರು ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟು, ಕಾಫಿ ತರಿಸಿ, ತಾನೇ ಪೆನ್ನು ತೆಗೆದು ಹೆಸರಿನ ಮೇಲೆ ಗೀಟು ಎಳೆದ. ಕಾಫಿ ಕುಡಿಯುವ ಹೊತ್ತಿಗೆ ಓಂಕಾರಣ್ಣನ ಮುಖ ಸಣ್ಣದಾಗಿತ್ತು.

ಅವತ್ತು ಮಧ್ಯಾಹ್ನವೇ ಗೇಟಿನ ಮುಂದೆ ವಿಜಯೋತ್ಸವದ ಸಭೆ. ಅವನು ಮಾತಾಡುತ್ತಿದ್ದ, ನಾನು ಹಾರಗಳನ್ನು ಹಿಡಿದುಕೊಂಡು ಬೆನ್ನ ಹಿಂದೆ ನಿಂತಿದ್ದೆ. ಕೂಗಾಯಿತು. ಎದುರಿಗಿದ್ದ ಸಾವಿರಾರು ಜನ ಸುಮ್ಮನಾದರು. ಅವನು ಬಾಯಿ ತೆರೆದು ಮುಂದಿನ ಮಾತಿಗೆ ಉಸಿರು ಎಳೆದುಕೊಂಡ. ಬಸ್ಸಿನ ಎದುರಿಗೆ ಕಾಲಿಡುತ್ತಿರುವವನನ್ನು ಹಿಡಿದೆಳೆಯುವಂತೆ, ನನ್ನ ಕೈ ನಿಲ್ಲುವ ಮೊದಲೇ, ನಾನು ಅವನ ಟವೆಲ್ಲಿನ ತುದಿ ಹಿಡಿದು ಎಳೆದೆ. ಯೋಚಿಸಿ ಮಾಡಿದ್ದಲ್ಲ. ಅವನು ನಿಂತ. ಕೂಗು ಮುಗಿದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಸ್ಟರಿನಿಂದ ಹೆಸರು ಹೋಗಿದ್ದರೂ ಓಂಕಾರಪ್ಪನಿಗೆ ಕೇಳಿಸುತ್ತಿದೆ! ಹಿಂದೆಂದೂ ಹೀಗಾದದ್ದಿಲ್ಲ. ಎದುರಿಗಿನವರು ನಿಂತದ್ದನ್ನು ನೋಡಿ ನಿಂತರೆ ಅರ್ಧ ಉಸಿರು ತಡವಾಗುತ್ತದೆ, ಮಿಲ್ಲಿನವರು ಅದನ್ನು ಹಿಡಿದುಬಿಡುತ್ತಾರೆ. ಇವನು ಸರಿಯಾಗಿ ನಿಂತಿದ್ದ. ಜೈಕಾರ ಹಾಕಿದರು ನೋಡಿ, ಅಂಥ ಜೈಕಾರ ಎಲೆಕ್ಷನ್ ಗೆದ್ದಾಗಲೂ ಬಿದ್ದಿರಲಿಲ್ಲ.

ಸಂಜೆ ಅವನು ಕೇಳಿದ. "ಯಾಕ್ ಎಳೆದ್ಯೋ ಪೀರು?"

"ಅಷ್ಟು ಜನ ಸುಮ್ನಿರುವಾಗ ನೀನೊಬ್ನೇ ಮಾತಾಡೋದು ನೋಡಕ್ಕಾಗ್ಲಿಲ್ಲ ಅಣ್ಣ."

"ನಾಳೆ ಎಲ್ಲಾರಿಗೂ ಹೇಳಿಬಿಡ್ತೀನಿ. ಕೇಳ್ಸಲ್ಲ ಅಂತ."

"ಹೇಳು," ಎಂದೆ ನಾನು. ಅವನು ಹೇಳುತ್ತಾನೆಂದೇ ನಂಬಿದ್ದೆ. ಮಾರನೆಯ ಬೆಳಗ್ಗೆ ಪಕ್ಕದ ಮನೆಯ ಗುರುಶಾಂತಪ್ಪ ಕೂಗಾದ ಕೂಡಲೇ ಎದ್ದು ಓಂಕಾರಣ್ಣನ ಬಾಗಿಲಿಗೆ ಹೋದ. ತಟ್ಟಲು ಕೈ ಎತ್ತಿದ. ಆಮೇಲೆ ನಕ್ಕು ಹಣೆ ಚಚ್ಚಿಕೊಂಡ. "ಥತ್, ನಾನೊಬ್ಬ. ಅವಂಗೆ ಕೇಳಸ್ತೈತಲ್ಲ!" ಎಂದು ನನ್ನ ಕಡೆ ನೋಡಿ ಹೇಳಿ ವಾಪಸು ಬಂದ. ಒಳಗೆ ಬಾಗಿಲಿಗೆ ಒರಗಿಕೊಂಡೇ ಓಂಕಾರಣ್ಣ ಕಾಯುತ್ತಿದ್ದನಂತೆ. ಎಷ್ಟೋ ವರ್ಷದ ಮೇಲೆ ಅವನ ಹೆಂಡತಿ ನಾಗವೇಣಕ್ಕ ನನಗೆ ಇದನ್ನು ಹೇಳಿದಳು.

ಹೇಳಬೇಕಾದ್ದನ್ನು ಅವನು ಅವತ್ತು ಹೇಳಲಿಲ್ಲ. ಅದರ ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು. ತಿಂಗಳು ಕಳೆಯುವಷ್ಟರಲ್ಲಿ 'ಕೂಗು ಕೇಳುವ ಶಾಸಕ' ಎಂದು ಗೋಡೆಗಳ ಮೇಲೆ ಬರೆದಾಗಿತ್ತು. ಯೂನಿಯನ್ ನನ್ನನ್ನು ಅವನ ಕೆಲಸಕ್ಕೆ ಬಿಟ್ಟುಕೊಟ್ಟಿತು. ಹೆಸರು ಮಸ್ಟರಿನಲ್ಲಿ, ಮನುಷ್ಯ ಓಂಕಾರಣ್ಣನ ಬೆನ್ನಿನ ಹಿಂದೆ. ಹದಿನೆಂಟು ವರ್ಷ ನಾನು ಮಾಡಿದ ಕೆಲಸ ಅದೊಂದೇ, ಟವೆಲ್ಲಿನ ತುದಿ ಎಳೆಯುವುದು. ಎರಡು ಸಲ ನನ್ನ ಮದುವೆಯ ಮಾತು ಬಂತು. ಹೆಣ್ಣಿನ ಕಡೆಯವರು ಹುಡುಗನ ಕೆಲಸವೇನೆಂದು ಕೇಳಿದರೆ ಏನು ಹೇಳಬೇಕೆಂದು ತೋಚದೆ ಎರಡು ಸಲವೂ ಎದ್ದು ಬಂದೆ.

ರಾಜಧಾನಿಯಲ್ಲಿ ಸದನ ನಡೆಯುವಾಗ ನಾನು ಮೇಲಿನ ಗ್ಯಾಲರಿಯಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ನನಗೆ ಕೂಗು ಕೇಳಿಸಿದರೆ ಟೋಪಿ ತೆಗೆಯುತ್ತಿದ್ದೆ. ಅವನು ಪ್ರಶ್ನೆ ಕೇಳುತ್ತಿದ್ದರೂ ಕಣ್ಣು ನನ್ನ ಟೋಪಿಯ ಮೇಲೇ. ತಟ್ಟನೆ ನಿಲ್ಲುತ್ತಿದ್ದ. ಮೊದಲ ಸಲ ಸಭಾಧ್ಯಕ್ಷರು 'ಮಾನ್ಯ ಸದಸ್ಯರಿಗೆ ಮೈ ಹುಷಾರಿಲ್ಲವೇ' ಎಂದು ಕೇಳಿದರು. ಆಮೇಲೆ ವಿಷಯ ತಿಳಿದು ವಿರೋಧ ಪಕ್ಷದವರೂ ಮೇಜು ಕುಟ್ಟಿದರು, ಪತ್ರಿಕೆಗಳಲ್ಲಿ ಚಿತ್ರ ಬಂತು. ಅವನು ಆ ಹದಿನೆಂಟು ವರ್ಷದಲ್ಲಿ ಒಳ್ಳೆಯ ಕೆಲಸ ಮಾಡಲಿಲ್ಲವೆಂದಲ್ಲ. ಲೈನಿಗೆ ನಲ್ಲಿ ನೀರು ತಂದ, ಬೀಡಿ ಕಟ್ಟುವ ಹೆಂಗಸರಿಗೆ ಪಿಂಚಣಿ ಕೊಡಿಸಿದ, ರಾಜ್ಯದ ಎಲ್ಲ ಮಿಲ್ಲುಗಳಲ್ಲೂ ಪೆನ್ಸಿಲಿನಲ್ಲಿ ಹೆಸರು ಬರೆಯಕೂಡದೆಂದು ಕಾನೂನು ಮಾಡಿಸಿದ. ಜನ ಮಾತ್ರ ಅವನನ್ನು ಗೆಲ್ಲಿಸುತ್ತಿದ್ದದ್ದು ಅವನಿಗೆ ಕೇಳಿಸುತ್ತದೆ ಎಂದು. ಅದು ಅವನಿಗೆ ಗೊತ್ತಿತ್ತು.

ಶಾಸಕರ ಭವನದ ಕೋಣೆಯಲ್ಲಿ ನಾವಿಬ್ಬರೇ ಇರುವಾಗ ಅವನು ಕೇಳುತ್ತಿದ್ದ. "ಈಗಿಂದು ಹೆಂಗಿತ್ತೋ?"

"ಯಾವಾಗ್ಲೂ ಇದ್ದಂಗೇ ಅಣ್ಣ."

"ಹಂಗಂದ್ರೆ ಆಗ್ಲಿಲ್ಲ. ಶುರುವಾಗುವಾಗ ಸ್ವಲ್ಪ ಗಂಟಲು ಕಟ್ಟಿದಂಗೆ ಆಗ್ತಿತ್ತಲ್ಲ, ಆಗತೈತಾ?"

"ಚಳಿಗಾಲದಾಗೆ ಆಗತೈತಿ."

"ಕೊನೀಗೆ?"

"ಕೊನೀಗೆ ಇಳೀತೈತಿ. ಬಾವಿಗೆ ಕೊಡ ಇಳಿಸಿದಂಗೆ."

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ನನಗೆ ಮಾತು ಕಟ್ಟುವುದು ಬಾರದು. ಹೇಳಿದ್ದನ್ನೇ ಹೇಳುತ್ತಿದ್ದೆ. ಅಷ್ಟು ದೊಡ್ಡ ಮನುಷ್ಯ ಒಂದು ಸದ್ದಿಗಾಗಿ ನನ್ನಂಥವನ ಬಾಯಿ ನೋಡಿಕೊಂಡು ಕೂತಿರುವುದು ಕಂಡು ಇನ್ನೊಂದು ಸಲ ಮೊದಲಿನಿಂದ ಹೇಳುತ್ತಿದ್ದೆ.

ಊರಿನಲ್ಲಿ ಇನ್ನೂ ಕಷ್ಟ. ಅವನು ಲೈನಿನ ಎರಡು ಕೋಣೆಯ ಮನೆ ಬಿಟ್ಟಿರಲಿಲ್ಲ. ನಾಗವೇಣಕ್ಕ ಬಿಡಲು ಒಪ್ಪಿರಲಿಲ್ಲ. ಅವಳು ಮಿಲ್ಲಿನ ರೀಲಿಂಗ್ ಖಾತೆಯಲ್ಲಿ ನೂಲಿನ ಲಡಿ ಸುತ್ತುವವಳು. ಗಂಡ ಶಾಸಕನಾದ ಮೇಲೂ ಕೆಲಸ ಬಿಡಲಿಲ್ಲ. "ಎಮ್ಮೆಲ್ಲೆ ಆಗಿದ್ದು ಅವ್ರು. ನಾನೇನ್ ಎಲೆಕ್ಷನ್ನಿಗೆ ನಿಂತಿದ್ನಾ?" ಎನ್ನುತ್ತಿದ್ದಳು. ಮನೆಯಲ್ಲಿ ಟವೆಲ್ ಎಳೆಯುವವರು ಯಾರೂ ಇಲ್ಲ. ಅವನು ಊಟಕ್ಕೆ ಕೂತು ಏನನ್ನೋ ಹೇಳುತ್ತಿರುವಾಗ ಕೂಗಾದರೆ ಅವಳು ಸಾರಿನ ಸೌಟು ಹಿಡಿದುಕೊಂಡು ನಿಂತುಬಿಡುತ್ತಿದ್ದಳು. ಅವನು ಅರ್ಧ ವಾಕ್ಯ ಮುಂದೆ ಹೋಗಿ, ಅವಳ ಮುಖ ನೋಡಿ, ನಿಲ್ಲುತ್ತಿದ್ದ. ಕೂಗು ಮುಗಿದ ಮೇಲೆ ಅವಳು ಸಾರು ಬಡಿಸುತ್ತಿದ್ದಳು. ಒಂದು ದಿನವೂ ಅವಳು ಆ ವಿಷಯ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಅವನು ಒಮ್ಮೆ ನನ್ನ ಹತ್ತಿರ ಅಂದ.

ನಾಲ್ಕನೆಯ ಸಲ ಗೆದ್ದಾಗ ಅವನು ಕಾರ್ಮಿಕ ಮಂತ್ರಿಯಾದ. ಅದೇ ಹೊತ್ತಿಗೆ ಮಿಲ್ಲಿಗೆ ಮುಪ್ಪು ಬಂದಿತ್ತು. ಹಳೆಯ ಫ್ರೇಮುಗಳು ಒಂದೊಂದಾಗಿ ನಿಂತವು, ಅಗ್ಗದ ನೂಲು ಎಲ್ಲೆಲ್ಲಿಂದಲೋ ಬಂತು. ಮಾಲೀಕರು ಎರಡು ದಾರಿ ಇಟ್ಟರು: ಇನ್ನೂರ ಹನ್ನೆರಡು ಜನರನ್ನು ತೆಗೆಯಲು ಸರಕಾರ ಅನುಮತಿ ಕೊಡಬೇಕು, ಇಲ್ಲವಾದರೆ ಮಿಲ್ಲಿಗೇ ಬೀಗ. ಕಡತ ಕಾರ್ಮಿಕ ಮಂತ್ರಿಯ ಮೇಜಿಗೆ ಬಂತು. ಎರಡು ತಿಂಗಳು ಅಲ್ಲೇ ಇತ್ತು. ಆ ಎರಡು ತಿಂಗಳು ಅವನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಒಂದು ಸೋಮವಾರ ನನ್ನನ್ನು ಕರೆದು, "ನೀನು ಊರಿಗೆ ಹೋಗಿರು. ಗುರುವಾರ ಗೇಟ್ ಮೀಟಿಂಗಿಗೆ ನಾನೇ ಬರ್ತೀನಿ," ಎಂದ. ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಕೇಳಬೇಕೆನಿಸಿತು. ಅವನ ಮುಖ ನೋಡಿ ಕೇಳಲಿಲ್ಲ.

ಗುರುವಾರ ಬೆಳಗ್ಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬೆಳಕಿತ್ತು. ಕೂಗು ಇವತ್ತು ತಡ ಎಂದುಕೊಂಡು ಬಿದ್ದುಕೊಂಡೆ. ಬೀದಿಯಲ್ಲಿ ಚಪ್ಪಲಿಗಳ ಸದ್ದು ಶುರುವಾಯಿತು. ಬುತ್ತಿ ಡಬ್ಬಿಗಳ ಸದ್ದು. ಎದ್ದು ಹೊರಗೆ ಬಂದೆ. ಗುರುಶಾಂತಪ್ಪ ಮಿಲ್ಲಿನ ದಾರಿ ಹಿಡಿದಿದ್ದ. ನನ್ನ ಮುಖ ನೋಡಿದವನೇ ನಿಂತ. ಅವನಿಗೆ ಗೊತ್ತಾಗಿಹೋಯಿತು. ಹತ್ತಿರ ಬಂದು, ನಾನು ಹೊರಗೇ ನಿಂತಿದ್ದರೂ ನನ್ನನ್ನು ಬಳಸಿಕೊಂಡು ಹೋಗಿ, ನನ್ನ ಮನೆಯ ಬಾಗಿಲು ತಟ್ಟಿದ.

"ಆತು," ಎಂದ.

"ಬಂದೆ," ಎಂದೆ. ಪದ್ಧತಿ ಎಂದರೆ ಪದ್ಧತಿ. ನಗು ಬಂತು, ಮರುಕ್ಷಣ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷ ಯಂತ್ರ ಮುಟ್ಟದವನನ್ನು ಕಂಪೆನಿ ಪಟ್ಟಿಗೆ ಹಾಕಿದ್ದರಲ್ಲಿ ತಪ್ಪೇನಿಲ್ಲ. ಆದರೆ ಸಹಿ ಹಾಕಿದವನು ಯಾರು? ಯಾರ ಬೆನ್ನಿನ ಹಿಂದೆ ನಿಂತು ನಾನು ಆ ಹದಿನೆಂಟು ವರ್ಷ ಕಳೆದದ್ದು? ಓದಿಯೂ ನೋಡದೆ ಸಹಿ ಹಾಕಿದ್ದಾನೆ ಎಂದುಕೊಂಡೆ. ದೊಡ್ಡವರ ಸಹಿ ಹಾಗೆಯೇ ಅಲ್ಲವೇ. ತನ್ನ ಕಿವಿಯನ್ನು ತಾನೇ ಕೊಯ್ದುಕೊಂಡಿದ್ದಾನೆ, ಅದು ಅವನಿಗೆ ಗೊತ್ತೂ ಇಲ್ಲ. ನಾನೂ ಹೇಳುವುದಿಲ್ಲ, ನೋಡೋಣ.

ಮಧ್ಯಾಹ್ನ ಗೇಟಿನ ಮುಂದೆ ಜನ ಕಿಕ್ಕಿರಿದಿದ್ದರು. ಕೆಲಸ ಕಳೆದುಕೊಂಡ ಇನ್ನೂರ ಹನ್ನೆರಡು ಜನ ವೇದಿಕೆಯ ಬಲಗಡೆ ಒಂದೇ ಗುಂಪಾಗಿ ನಿಂತಿದ್ದರು. ನಾನು ಅಲ್ಲಿಗೆ ಹೋಗಲಿಲ್ಲ. ಯಾವಾಗಲೂ ನಿಲ್ಲುವ ಜಾಗಕ್ಕೆ ಹೋಗಿ ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಓಂಕಾರಣ್ಣ ಒಮ್ಮೆ ತಿರುಗಿ ನನ್ನನ್ನು ನೋಡಿದ. ಎರಡನೆಯ ಪಾಳಿಗೆ ಹೋಗುವವರ ಸಾಲಿನಲ್ಲಿ ನಾಗವೇಣಕ್ಕ ಬುತ್ತಿ ಹಿಡಿದು ನಿಂತಿದ್ದಳು.

ಅವನು ಭಾಷಣ ಮಾಡಲಿಲ್ಲ. "ಇನ್ನೂರಾ ಹನ್ನೆರಡು ಹೆಸರಿಗೆ ನಾನು ಸಹಿ ಹಾಕಿದೀನಿ. ಹಾಕ್ದೇ ಇದ್ರೆ ಎರಡು ಸಾವಿರ ಜನ ಬೀದಿಗೆ ಬೀಳ್ತಿದ್ರಿ. ಅದು ಲೆಕ್ಕದ ಮಾತಾತು. ಹೆಸರಿನ ಮಾತು ಬ್ಯಾರೆ. ಹಾಕಿದವನ ಬಾಯಿಂದಾನೇ ಕೇಳಿ," ಎಂದು ಜೇಬಿನಿಂದ ಕಾಗದ ತೆಗೆದು ಓದತೊಡಗಿದ. ಖಾತೆಯ ಪ್ರಕಾರ ಒಂದೊಂದೇ ಹೆಸರು, ಟಿಕೆಟ್ ನಂಬರು. ಗುಂಪಿನಿಂದ ಯಾರೋ ಧಿಕ್ಕಾರ ಎಂದರು. ಒಬ್ಬ ಚಪ್ಪಲಿ ತೋರಿಸಿದ. ಅವನು ಓದುತ್ತಲೇ ಇದ್ದ. ಹತ್ತಿ ಹಿಂಜುವ ಕಾರ್ಡಿಂಗ್ ಖಾತೆ ಮುಗಿಯಿತು, ರಿಂಗ್ ಫ್ರೇಮ್ ಶುರುವಾಯಿತು.

ಆಗ ಎದುರಿಗಿನ ಜನ ಸುಮ್ಮನಾದರು. ಗೇಟಿನ ಕಾವಲುಗಾರ, ಸಾಲಿನಲ್ಲಿದ್ದ ಹೆಂಗಸರು, ಕೈ ಎತ್ತಿ ಕೂಗುತ್ತಿದ್ದ ಹುಡುಗರು, ಎಲ್ಲರೂ ಇದ್ದಲ್ಲೇ ನಿಂತರು. ಬಲಗಡೆಯ ಇನ್ನೂರು ಚಿಲ್ಲರೆ ಜನ ಮಾತ್ರ ಅತ್ತ ಇತ್ತ ನೋಡುತ್ತಿದ್ದರು, ನನ್ನ ಹಾಗೆಯೇ. ನನಗೆ ಏನೂ ಕೇಳಿಸಲಿಲ್ಲ, ಆದರೆ ಕಣ್ಣಿತ್ತು. ಟವೆಲ್ಲಿನ ತುದಿ ಬೆರಳಿನಲ್ಲೇ ಇತ್ತು. ಎಳೆದಿದ್ದರೆ ಅರ್ಧ ಉಸಿರು ತಡವಾಗುತ್ತಿತ್ತು ನಿಜ, ಆ ಗಲಾಟೆಯಲ್ಲಿ ಯಾರೂ ಗಮನಿಸುತ್ತಿರಲಿಲ್ಲ. ನಾನು ಎಳೆಯಲಿಲ್ಲ. ಬೇಕೆಂದೇ ಎಳೆಯಲಿಲ್ಲ.

ಅವನ ದನಿ ಒಂದೇ ಕೇಳಿಸುತ್ತಿತ್ತು. ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿದು ನಿಂತಿದೆ, ಒಬ್ಬ ಮುದುಕ ಹೆಸರು ಓದುತ್ತಿದ್ದಾನೆ. "ತಿಪ್ಪೇಶಿ, ಟಿಕೆಟ್ ನಂಬರ್ ಆರು ನೂರಾ ಹನ್ನೊಂದು. ಸಣ್ಣೀರಪ್ಪ, ಟಿಕೆಟ್ ನಂಬರ್ ಆರು ನೂರಾ ಮೂವತ್ತು." ನಿಲ್ಲಲಿಲ್ಲ. ತಲೆ ಎತ್ತಿ ಜನರನ್ನು ನೋಡಿದ, ಅವರೆಲ್ಲ ನಿಂತಿರುವುದನ್ನು ನೋಡಿದ, ಮತ್ತೆ ತಲೆ ತಗ್ಗಿಸಿ ಓದಿದ. "ದಾದಾಪೀರ್, ಟಿಕೆಟ್ ನಂಬರ್ ಎಂಟು ನೂರಾ ನಲವತ್ತು."

ನನ್ನ ಹೆಸರನ್ನು ಅವನು ಎಡವದೆ ಓದಿದ. ಆಗ ನನಗೆ ತಿಳಿಯಿತು. ಅವನು ಪಟ್ಟಿ ಓದಿದ್ದ, ನನ್ನ ಹೆಸರು ನೋಡಿದ್ದ, ತೆಗೆಸಿದರೆ ಅಲ್ಲಿಗೆ ಇನ್ನೊಬ್ಬನ ಹೆಸರು ಬರುತ್ತದೆಂದು ಬಿಟ್ಟಿದ್ದ. ಬೆನ್ನಿನ ಹಿಂದೆ ನಿಂತವನಿಗೂ ಈಗ ಕೇಳಿಸುವುದಿಲ್ಲವೆಂದು ಗೊತ್ತಿದ್ದೇ ವೇದಿಕೆ ಹತ್ತಿದ್ದ. ನನ್ನ ಸೇಡು ಟವೆಲ್ಲಿನ ತುದಿಯಲ್ಲೇ ಉಳಿಯಿತು.

ಕೂಗು ಯಾವಾಗಲೋ ಮುಗಿದಿರಬೇಕು. ಜನ ಕದಲಿದರು, ಆದರೆ ಧಿಕ್ಕಾರದ ಸದ್ದು ಮತ್ತೆ ಏಳಲಿಲ್ಲ. ಅವನು ಪಟ್ಟಿಯ ಕೊನೆಯ ತನಕ ಓದಿ ಕಾಗದ ಮಡಿಸಿದ. "ಇನ್ನೊಂದು ಹೆಸರೈತಿ. ಪಟ್ಟಿಯಾಗಿಲ್ಲ. ಓಂಕಾರಪ್ಪ, ರಿಂಗ್ ಫ್ರೇಮ್ ಖಾತೆ, ಟಿಕೆಟ್ ನಂಬರ್ ಐನೂರಾ ಎರಡು. ಹೆಸರು ಹೊಡೆದು ಹದಿನೆಂಟು ವರ್ಷ ಆತು. ಅವತ್ತಿಂದ ಕೇಳ್ಸಿಲ್ಲ," ಎಂದ. ವೇದಿಕೆಯಿಂದ ಇಳಿಯುವಾಗ ಹೆಗಲಿನ ಟವೆಲ್ ತೆಗೆದು ನನ್ನ ಕೈಗಿಟ್ಟ. ಸರಕಾರಿ ಕಾರು ಬಿಟ್ಟು ಮನೆಯ ಕಡೆ ನಡೆದುಕೊಂಡು ಹೋದ. ಜನ ದಾರಿ ಬಿಟ್ಟರು.

ಇನ್ನೂರ ಹನ್ನೆರಡು ಜನರನ್ನು ತೆಗೆದದ್ದನ್ನು ಊರು ಕಾಲಕ್ರಮದಲ್ಲಿ ಕ್ಷಮಿಸಿತೋ ಏನೋ. ಹದಿನೆಂಟು ವರ್ಷ ಸುಳ್ಳೇ ಸುಮ್ಮನೆ ನಿಂತದ್ದನ್ನು ಮಾತ್ರ ಕ್ಷಮಿಸಲಿಲ್ಲ. ಅವನು ಮಂತ್ರಿಗಿರಿಗೂ ಶಾಸಕ ಸ್ಥಾನಕ್ಕೂ ಒಟ್ಟಿಗೆ ರಾಜೀನಾಮೆ ಕೊಟ್ಟು ಬಂದು ಲೈನಿನ ಮನೆಯಲ್ಲಿ ಕೂತ. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿದರು. ನನಗೂ ಸಿಕ್ಕಿತು ನನ್ನ ಪಾಲು. ಟವೆಲ್ ಎಳೆದವನು ಯಾರೆಂದು ಎಲ್ಲರಿಗೂ ಅರ್ಥವಾಗಿತ್ತು. ಆದರೂ ಹನ್ನೊಂದು ದಿನ ಲೈನಿನಲ್ಲಿ ಇನ್ನೂರ ಹನ್ನೆರಡು ಬಾಗಿಲು ತಟ್ಟಿದರು. ನನ್ನದನ್ನೂ ಗುರುಶಾಂತಪ್ಪ ತಪ್ಪದೆ ತಟ್ಟಿದ, ನನ್ನ ಮುಖ ನೋಡದೆ. ಒಂದು ಬಾಗಿಲು ಮಾತ್ರ ಉಳಿಯಿತು.

ಹನ್ನೊಂದನೆಯ ದಿನ ನಾನು ಗುರುಶಾಂತಪ್ಪನನ್ನು ತಡೆದು ಕೇಳಿದೆ. "ಓಂಕಾರಣ್ಣಂದೂ ತಟ್ಟು. ಅವನದೂ ಬಾಕಿ ಐತಿ."

"ಒಂದ್ಸಲ ಕೈ ಎತ್ತಿ ವಾಪಸ್ ಬಂದೋನು ನಾನು," ಎಂದ ಗುರುಶಾಂತಪ್ಪ. "ಅವತ್ತು ಒಳಗೇ ನಿಂತಿದ್ನಂತೆ, ನಾಗವೇಣಕ್ಕ ಈಗ ಹೇಳಿದ್ಲು. ಬಾಗಿಲು ತೆಗೆದು 'ತಟ್ಟಪ್ಪ, ನಂಗ್ ಕೇಳ್ಸಲ್ಲ' ಅಂದಿದ್ರೆ ತಟ್ತಿರ್ಲಿಲ್ವಾ? ಇನ್ನೊಂದ್ಸಲ ನನ್ನ ಕೈ ಏಳಲ್ಲ ಪೀರು."

ಅವನದ್ದೇನೂ ತಪ್ಪಿಲ್ಲ. ಹಾಗಾದರೆ ಉಳಿದವನು ನಾನೇ. ಆದರೆ ಕೂಗು ಕೇಳಿಸಿದವನು ತಟ್ಟಬೇಕು, ನನಗೆ ಕೇಳಿಸುವುದಿಲ್ಲ. ಮರುದಿನ ಬೆಳಕು ಹರಿಯುವಾಗ ಹೋಗಿ ಓಂಕಾರಣ್ಣನ ಮನೆಯ ಎದುರಿಗೆ, ನಲ್ಲಿಯ ಕಟ್ಟೆಯ ಮೇಲೆ ಕೂತೆ. ಆ ಹದಿನೈದು ದಿನ ನಾಗವೇಣಕ್ಕನದು ಮೊದಲ ಪಾಳಿ. ಅವಳು ಬಾಗಿಲು ತೆಗೆದಿಟ್ಟು ಹೊಸಿಲಿನ ಮುಂದೆ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿದಳು. ಒಂದು ಗಳಿಗೆ ಚೊಂಬು ಹಿಡಿದ ಅವಳ ಕೈ ಹಾಗೆಯೇ ನಿಂತಿತು. ಕೂಗು ಮುಗಿದ ಮೇಲೆ ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು. ನಾನು ಎದ್ದು ಹೋದೆ. ಬಾಗಿಲು ತೆರೆದೇ ಇತ್ತು, ತೆರೆದ ಬಾಗಿಲನ್ನು ತಟ್ಟುವುದು ಹೇಗೆಂದು ತಿಳಿಯದೆ ನಿಂತೆ. ನಾಗವೇಣಕ್ಕ ಚೊಂಬು ಕೆಳಗಿಟ್ಟು, ಕೈ ಒರೆಸಿಕೊಂಡು, ಬಾಗಿಲನ್ನು ಎಳೆದು ಮುಚ್ಚಿದಳು. ನನಗೆ ತಟ್ಟುವು‌ದಕ್ಕೆಂದು. ಆಮೇಲೆ ಬುತ್ತಿ ತೆಗೆದುಕೊಂಡು ಮಿಲ್ಲಿನ ಕಡೆ ಹೋದಳು.

ತಟ್ಟಿದೆ. "ಆತು," ಎಂದೆ. ಒಳಗೆ ಹಾಸಿಗೆ ಸರಿದ ಸದ್ದಾಯಿತು, ಮಾತು ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ನಾಲ್ಕನೆಯ ದಿನ ಲೈನಿನವರು ಬಾಗಿಲುಗಳಲ್ಲಿ ನಿಂತು ನೋಡಿದರು, ಕೆಲವರು ನಕ್ಕರು. ಏಳನೆಯ ದಿನ ತಟ್ಟಿದ ಮೇಲೆ ನಾನು ಹೇಳಿಬಿಟ್ಟೆ, ಬಾಗಿಲಿಗೆ ಬಾಯಿ ಹಚ್ಚಿ. "ಅಣ್ಣ, ಅವತ್ತು ನಾನು ಬೇಕಂತಾನೇ ಎಳೀಲಿಲ್ಲ."

ಒಳಗಿನಿಂದ ದನಿ ಬಂತು. "ಎಳೆದಿದ್ರೂ ನಿಲ್ತಿರ್ಲಿಲ್ಲ ಕಣೋ. ನಿಂತು ನಿಂತು ಸಾಕಾಗಿತ್ತು."

'ಬಂದೆ' ಎನ್ನಲಿಲ್ಲ. ಎಂಟು, ಒಂಬತ್ತು, ಹತ್ತು ಕಳೆದವು. ಹನ್ನೊಂದನೆಯ ಬೆಳಗ್ಗೆ ನಾಗವೇಣಕ್ಕ ಬಾಗಿಲು ಮುಚ್ಚಿ ಹೋದ ಮೇಲೆ ನಾನು ಕೈ ಎತ್ತಿದೆ. ಇವತ್ತೂ ಅವನು ಅನ್ನದಿದ್ದರೆ ಮತ್ತೆ ತಟ್ಟುವಂತಿಲ್ಲ, ಪದ್ಧತಿ ಅಷ್ಟಕ್ಕೇ. ಬಾಗಿಲ ಆಚೆ, ಮರಕ್ಕೆ ಯಾರೋ ಒರಗಿಕೊಂಡು ಉಸಿರಾಡುತ್ತಿರುವುದು ಕೇಳಿಸಿತು. ಹದಿನೆಂಟು ವರ್ಷದ ಹಿಂದೆ ಗುರುಶಾಂತಪ್ಪ ಕೈ ಎತ್ತಿದ ಜಾಗದಲ್ಲೇ ನನ್ನ ಕೈ ಇತ್ತು. ತಟ್ಟಿದೆ.

"ಆತು."

"ಬಂದೆ," ಎಂದ ಓಂಕಾರಣ್ಣ. ಅವನ ದನಿ ಶುರುವಿನಲ್ಲಿ ಗಂಟಲು ಕಟ್ಟಿದಂತಿತ್ತು. ನಾನು ಇನ್ನೊಂದು ಗಳಿಗೆ ಅಲ್ಲೇ ಸುಮ್ಮನೆ ನಿಂತು, ಟವೆಲ್ಲನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮನೆಗೆ ಬಂದೆ.